ಮಕ್ಕಳ ಮಾತಿನ ಬುತ್ತಿ

ಒಂಬತ್ತನೆಯ ತರಗತಿಯಲ್ಲಿ ಕನ್ನಡ ಪಾಠ ನಡೆದಿತ್ತು. ಒಬ್ಬ ಹುಡುಗನನ್ನು ಎಬ್ಬಿಸಿ ಗದ್ಯಪಾಠದ ಒಂದು ಪುಟವನ್ನು ಓದಿಸಿದೆ. ಬಹಳ ಚೆನ್ನಾಗಿ ಓದಿದ. ಒತ್ತಕ್ಷರಗಳಲ್ಲಿ ಎಲ್ಲಿಯೂ ಎಡವಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಸ್ಥಾನದಲ್ಲಿದ್ದವು. ಪೂರ್ಣವಿರಾಮ ಬಂದಲ್ಲಿ ಸರಿಯಾಗಿ ನಿಂತ. ನನಗೆ ಸಂತೋಷವಾಯಿತು. "ಭೇಷ್. ಈಗ ಹೇಳಪ್ಪ, ಅರಸ ಕೇಳಿದಾಗ ಆ ಸೇವಕ ಏನು ಮಾಡಿದ?" ಎಂದೆ. ಹುಡುಗ ಪುಸ್ತಕವನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ಧೈರ್ಯಮಾಡಿ, "ಹಿಂದಕ್ಕೆ ಜಾರಿ ಬಿದ್ದ, ಸಾರ್" ಎಂದ. ಪಾಠದಲ್ಲಿದ್ದುದು, ಸೇವಕನು ನಿಜ ಹೇಳಲು ಹಿಂಜರಿದನು ಎಂದು.

ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆದರೆ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕುಳಿತಾಗ ಆ ನಗೆ ಉಳಿಯಲಿಲ್ಲ. ಯೋಚಿಸಿ ನೋಡಿದರೆ ಹುಡುಗ ದಡ್ಡನಲ್ಲ. ಗುರುತಿಲ್ಲದ ಒಂದು ಮಾತು ಎದುರಾಯಿತು. ಅದನ್ನು ಬಿಡಿಸಿ, 'ಹಿಂ' ಎಂದರೆ ಹಿಂದೆ, 'ಜರಿ' ಎಂದರೆ ಜಾರು ಎಂದು ತನಗೆ ತೋಚಿದಂತೆ ಅರ್ಥ ಕಟ್ಟಿಕೊಂಡ. ಪಂಡಿತರು ಪದಚ್ಛೇದ ಮಾಡುವುದೂ ಬೇರೆ ರೀತಿಯಲ್ಲೇನೂ ಅಲ್ಲ. ಅವನಲ್ಲಿ ಇಲ್ಲದಿದ್ದುದು ಬುದ್ಧಿಯಲ್ಲ, ಆ ಮಾತಿನ ಪರಿಚಯ. ಹದಿನಾಲ್ಕು ವರ್ಷ ಕನ್ನಡದ ಮನೆಯಲ್ಲಿ ಬೆಳೆದ ಹುಡುಗ ಆ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ. ಒಂದು ಪುಟದಲ್ಲಿ ಇಂಥ ನಾಲ್ಕೈದು ಮಾತುಗಳಿದ್ದರೆ ಸಾಕು, ತೂತುಬಿದ್ದ ಕೊಡದಿಂದ ನೀರು ಹೋದ ಹಾಗೆ ಅರ್ಥವೆಲ್ಲ ಸೋರಿಹೋಗುತ್ತದೆ. ಅವನು ಓದಬೇಕಾದುದು ಕನ್ನಡ ಪಾಠವೊಂದೇ ಅಲ್ಲ. ಚರಿತ್ರೆ ಉಂಟು, ವಿಜ್ಞಾನ ಉಂಟು, ಗಣಿತದಲ್ಲಿಯೂ ಲೆಕ್ಕವನ್ನು ಮೊದಲು ಮಾತಿನಲ್ಲಿಯೇ ಕೊಡುತ್ತಾರೆ.

ಒಂಬತ್ತನೆಯ ತರಗತಿಯಲ್ಲಿ ನಾವು ಪಂಡಿತರು ಕಪ್ಪುಹಲಗೆಯ ಮೇಲೆ ಪದಗಳ ಅರ್ಥ ಬರೆಯುತ್ತೇವೆ. ಮಕ್ಕಳು ಅದನ್ನು ನಕಲು ಮಾಡಿಕೊಳ್ಳುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಕೆಲಸ ನಡೆಯಬೇಕಾದುದು ಹತ್ತು ವರ್ಷ ಮುಂಚೆ, ಶಾಲೆಯಲ್ಲಲ್ಲ, ನಿಮ್ಮ ಮನೆಯ ಚಾಪೆಯ ಮೇಲೆ. ಆ ಕೆಲಸದ ವಿಷಯವಾಗಿಯೇ ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದು ಈ ಲೇಖನ.

"ಮಗುವಿಗೆ ಮಾತನ್ನು ಯಾರಾದರೂ ಕಲಿಸಬೇಕೆ? ತಾನಾಗಿಯೇ ಬರುವುದಿಲ್ಲವೆ?" ಎಂದು ನೀವು ಕೇಳಬಹುದು. ಬರುತ್ತದೆ. ಊಟ, ಸ್ನಾನ, ಬಟ್ಟೆ, ಆಟ, ಜಗಳ ಇವಕ್ಕೆ ಬೇಕಾದ ಮಾತೆಲ್ಲ ಯಾರೂ ಕಲಿಸದೆಯೇ ಬರುತ್ತದೆ. ಆದರೆ ನಮ್ಮ ಕನ್ನಡದಲ್ಲಿ ಆಡುವ ಮಾತು ಒಂದು, ಪುಸ್ತಕದ ಮಾತು ಇನ್ನೊಂದು. ಮನೆಯಲ್ಲಿ "ಬಂದ್ಬಿಟ್ಟ" ಎನ್ನುತ್ತೇವೆ. ಪುಸ್ತಕದಲ್ಲಿ "ಬಂದುಬಿಟ್ಟನು" ಎಂದಿರುತ್ತದೆ. ಮನೆಯಲ್ಲಿ ಕಾಡು, ಪುಸ್ತಕದಲ್ಲಿ ಅಡವಿ, ಅರಣ್ಯ, ವನ. ಅದಕ್ಕಿಂತ ಮುಖ್ಯವಾದ ಇನ್ನೊಂದು ಬಗೆಯ ಮಾತುಗಳನ್ನು ನಾವು ಗಮನಿಸುವುದೇ ಇಲ್ಲ: ಅಷ್ಟರಲ್ಲಿ, ಆದರೂ, ಕೂಡಲೆ, ಒಂದುವೇಳೆ, ಅದಕ್ಕೋಸ್ಕರ, ಇಲ್ಲದಿದ್ದರೆ. ಇವು ಸಣ್ಣ ಮಾತುಗಳು. ಗೋಡೆಯ ಕಲ್ಲುಗಳ ನಡುವಿನ ಗಾರೆಯಂತೆ. ಕಾರಣ, ಕಾಲ, ವಿರೋಧ ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಇವೇ. ಮನೆಯ ಅವಸರದ ಮಾತುಕತೆಯಲ್ಲಿ ಇವಕ್ಕೆ ಕೆಲಸ ಕಡಿಮೆ. ಕಥೆಯಲ್ಲಿ ಇವಿಲ್ಲದೆ ಒಂದು ಹೆಜ್ಜೆಯೂ ಸಾಗದು.

ಇಂಗ್ಲಿಷ್ ಭಾಷೆಯಲ್ಲಿ ಇದನ್ನು ಎಣಿಸಿ ನೋಡಿದ್ದಾರೆ. 1988ರಲ್ಲಿ ಹೇಯ್ಸ್ ಮತ್ತು ಆರೆನ್ಸ್ ಎಂಬ ವಿದ್ವಾಂಸರು ಪ್ರಕಟಿಸಿದ ಲೆಕ್ಕದಂತೆ, ಕಾಲೇಜು ಓದಿದ ದೊಡ್ಡವರು ಗೆಳೆಯರೊಡನೆ ಆಡುವ ಮಾತಿನಲ್ಲಿ ಸಾವಿರಕ್ಕೆ ಸುಮಾರು 17 ಅಪರೂಪದ ಪದಗಳಿದ್ದರೆ, ಮಕ್ಕಳ ಪುಸ್ತಕಗಳಲ್ಲಿ ಸಾವಿರಕ್ಕೆ ಸುಮಾರು 31 ಇದ್ದವು. ಎಂದರೆ, ಇಬ್ಬರು ವಕೀಲರು ಕಾಫಿ ಕುಡಿಯುತ್ತ ಆಡುವ ಮಾತಿಗಿಂತ ಮಗುವಿನ ಕಥೆಪುಸ್ತಕವೇ ಪದಗಳಲ್ಲಿ ಶ್ರೀಮಂತ! ಕನ್ನಡದ ಲೆಕ್ಕ ಬೇರೆಯಾಗಬಹುದು. ಆದರೆ ಆಡುನುಡಿಗೂ ಬರಹಕ್ಕೂ ಇಷ್ಟು ದೂರವಿರುವ ನಮ್ಮಲ್ಲಿ ಈ ಅಂತರ ಚಿಕ್ಕದಾಗಿರುವುದೆಂದು ನನಗೆ ತೋರುವುದಿಲ್ಲ.

ಹಾಗಾದರೆ ಮಗು ಶಾಲೆಗೆ ಹೋಗಿ ಅಕ್ಷರ ಕಲಿತು ತಾನೇ ಪುಸ್ತಕ ಓದಲಿ, ಮಾತು ಆಗ ಬರಲಿ ಎನ್ನೋಣವೆ? ಇಲ್ಲಿಯೇ ಬಹಳ ಮಂದಿ ತಂದೆತಾಯಂದಿರು ಎಡವುವುದು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ಮೂಲಾಕ್ಷರಗಳೇ ಸುಮಾರು ಐವತ್ತು. ಅವಕ್ಕೆ ಕಾಗುಣಿತ ಸೇರಿ, ಒತ್ತು ಸೇರಿ, ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲೆ ಹಿಡಿತ ಸಾಧಿಸುವ ಕೆಲಸ ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ಕಂಡುಬಂದಿದೆ. ಅಂದರೆ ಮಗು ಸರಾಗವಾಗಿ ಓದುವಷ್ಟರಲ್ಲಿ ಅದಕ್ಕೆ ಒಂಬತ್ತು ಹತ್ತು ವರ್ಷ. ಅಲ್ಲಿಯವರೆಗೆ ಕಣ್ಣಿನ ಬಾಗಿಲು ಅರೆ ಮುಚ್ಚಿದೆ. ಕಿವಿಯ ಬಾಗಿಲು ಮಾತ್ರ ಪೂರ್ತಿ ತೆರೆದಿದೆ. ಆ ಬಾಗಿಲಿನಿಂದ ಪುಸ್ತಕದ ಮಾತನ್ನು ಒಳಗೆ ಬಿಡುವವರು ಯಾರು? ಅಕ್ಷರ ಬಲ್ಲ ದೊಡ್ಡವರು. ಮಗುವಿಗೆ ಓದಿ ಹೇಳುವುದು ಮುದ್ದಿನ ಮಾತಲ್ಲ, ಬುತ್ತಿ ಕಟ್ಟಿಕೊಡುವ ಕೆಲಸ. ಮುಂದೆ ಒಂದು ದಿನ ಅದು ತಾನೇ ಕಷ್ಟಪಟ್ಟು 'ಕೂ-ಡ-ಲೆ' ಎಂದು ಕೂಡಿಸಿ ಓದಿದಾಗ, "ಓ, ಕೂಡಲೆ! ನನಗೆ ಗೊತ್ತು" ಎಂದು ಒಳಗಿನಿಂದ ಆ ಮಾತು ಎದ್ದು ಬಂದು ಕೈಹಿಡಿಯಬೇಕು. ಒಳಗೆ ಏನೂ ಇಲ್ಲದಿದ್ದರೆ ಓದಿದ್ದು ಬರಿಯ ಸದ್ದು.

ಇದನ್ನು ನಾನು ತಿಳಿದವನಂತೆ ಬರೆಯುತ್ತಿದ್ದೇನೆ. ನನ್ನ ಮಗನ ವಿಷಯದಲ್ಲಿ ನಾನು ಮಾಡಿದ್ದು ಬೇರೆಯೇ. ಅದನ್ನೂ ಹೇಳಿಬಿಡುತ್ತೇನೆ. ಆಗ ನಾನು ಹೊಸದಾಗಿ ಪಂಡಿತ ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಅಮರಕೋಶದ ಅಭಿಮಾನ ತಲೆಗೇರಿತ್ತು. ಐದು ವರ್ಷದ ಮಗನನ್ನು ದಿನಾ ಬೆಳಗ್ಗೆ ಕೂರಿಸಿಕೊಂಡು ಪರ್ಯಾಯಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ತಾವರೆ, ಕಮಲ, ಪದ್ಮ, ಪಂಕಜ, ಅಂಬುಜ, ನೀರಜ, ಸರೋಜ, ಅರವಿಂದ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಮನೆಗೆ ಬಂದವರೆದುರು ಹೇಳಿಸಿ ನಾನು ಬೀಗುತ್ತಿದ್ದೆ. ಒಂದು ಭಾನುವಾರ ಅವನನ್ನು ಕರೆದುಕೊಂಡು ನೆಂಟರ ಊರಿಗೆ ಹೋದೆ. ಕೆರೆಯ ಏರಿಯ ಮೇಲೆ ನಡೆದು ಬರುತ್ತಿದ್ದೆವು. ನೀರಿನ ತುಂಬ ಹೂ ಅರಳಿತ್ತು. ಮಗ ನನ್ನ ಬೆರಳು ಹಿಡಿದು ನಿಲ್ಲಿಸಿ, "ಅಪ್ಪಾ, ಎಷ್ಟು ಚೆನ್ನಾಗಿದೆ! ಅದು ಯಾವ ಹೂವು?" ಎಂದು ಕೇಳಿದ. ಅವು ತಾವರೆಗಳು.

ಅಮರಸಿಂಹನ ದೋಷವಲ್ಲ ಇದು. ಬಾಲ್ಯದಲ್ಲಿ ಕೋಶವನ್ನು ಕಂಠಪಾಠ ಮಾಡಿದ ಹಿಂದಿನವರು ಅದರ ಜೊತೆಯಲ್ಲಿಯೇ ಕಾವ್ಯ ಕೇಳುತ್ತಿದ್ದರು. ಕೆರೆ, ಗದ್ದೆ, ತೋಪುಗಳ ನಡುವೆ ಬೆಳೆಯುತ್ತಿದ್ದರು. ನಾನು ಕೋಶವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆ. ಹೆಸರುಗಳನ್ನು ಕೊಟ್ಟೆ, ಹೂವನ್ನು ಕೊಡಲಿಲ್ಲ. ಆ ಮಗ ಈಗ ಮೂವತ್ತು ದಾಟಿದವನು, ಕೆಲಸ ಬೆಂಗಳೂರಿನಲ್ಲಿ. ಇಂದಿಗೂ ಯಾವುದಾದರೂ ಹೂ ಕಂಡರೆ, "ಅಪ್ಪಾ, ಇದಕ್ಕೆ ಎಂಟು ಹೆಸರು ಹೇಳಲೆ?" ಎಂದು ನನ್ನನ್ನು ಕೆಣಕುತ್ತಾನೆ. ಕಥೆಪುಸ್ತಕ ಓದುವ ಅಭ್ಯಾಸ ಮಾತ್ರ ಅವನಿಗೆ ಹತ್ತಲಿಲ್ಲ. ಆ ನಷ್ಟ ನನ್ನ ಲೆಕ್ಕಕ್ಕೆ ಸೇರಿದ್ದು.

ಮಾತು ಮಗುವಿನ ಮನಸ್ಸಿಗೆ ಇಳಿಯುವ ಬಗೆಯೇ ಬೇರೆ. 1978ರಲ್ಲಿ ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ ಎಂಬಿಬ್ಬರು ಒಂದು ಶಿಶುವಿಹಾರದಲ್ಲಿ ಸೊಗಸಾದ ಪರೀಕ್ಷೆಯೊಂದನ್ನು ಮಾಡಿದ್ದರು. ಅಲ್ಲಿ ಎರಡು ತಟ್ಟೆಗಳು, ಒಂದು ನೀಲಿ, ಇನ್ನೊಂದು ಆಲಿವ್ ಕಾಯಿಯಂಥ ಮಾಸಲು ಹಸುರು. ಶಿಕ್ಷಕಿ ಯಾವ ಪಾಠವನ್ನೂ ಮಾಡದೆ, ಬೇರೆ ಕೆಲಸದ ನಡುವೆ ಎಂಬಂತೆ, "ಆ ಕ್ರೋಮಿಯಂ ತಟ್ಟೆ ತಾ; ನೀಲಿಯದಲ್ಲ, ಕ್ರೋಮಿಯಂದು" ಎಂದು ಹೇಳಿದಳು. ಮೂರು ನಾಲ್ಕು ವರ್ಷದ ಮಕ್ಕಳು ಸರಿಯಾದ ತಟ್ಟೆಯನ್ನೇ ತಂದರು. ಕೆಲವು ದಿನಗಳ ಮೇಲೆ ವಿಚಾರಿಸಿದಾಗ, ಆ ಬಣ್ಣಕ್ಕೆ ಹೊಸದೊಂದು ಹೆಸರು ಉಂಟೆಂಬ ಅರಿವು ಹಲವರಲ್ಲಿ ಉಳಿದಿತ್ತು. ಆದರೆ ಹೆಸರು ಯಾವುದು, ಅದು ಯಾವ ಬಣ್ಣಕ್ಕೆಲ್ಲ ಸಲ್ಲುತ್ತದೆ ಎಂಬುದು ಇನ್ನೂ ಮಸುಕಾಗಿತ್ತು. ಒಂದು ಸಲ ಕೇಳಿದ ಮಾತ್ರಕ್ಕೆ ಮಗು ಮಾತಿಗೆ ಒಂದು ಜಾಗ ಮಾಡಿ ಇಟ್ಟುಕೊಳ್ಳುತ್ತದೆ. ಆ ಜಾಗ ತುಂಬಬೇಕಾದರೆ ಅದೇ ಮಾತು ಮತ್ತೆ ಮತ್ತೆ, ಬೇರೆ ಬೇರೆ ಕಡೆ ಎದುರಾಗಬೇಕು. ಹೊಸ ನೆರೆಯವರ ಪರಿಚಯವಾಗುವುದೂ ಹೀಗೆಯೇ ಅಲ್ಲವೆ? ಮೊದಲ ದಿನ ಮುಖ, ಆಮೇಲೆ ಹೆಸರು, ಕಷ್ಟಸುಖ ತಿಳಿಯುವುದಕ್ಕೆ ವರ್ಷ.

ಆದ್ದರಿಂದ ನಿಮ್ಮ ಮಗು ಅದೇ ಕಥೆಯನ್ನು ಹತ್ತನೆಯ ಸಲ ಓದೆಂದು ಹಟ ಹಿಡಿದರೆ ಬೇಸರಿಸಬೇಡಿ. ನಮಗೆ ಕಥೆ ಮುಗಿದಿದೆ. ಅದಕ್ಕೆ ಇನ್ನೂ ಮುಗಿದಿಲ್ಲ. ಮೊದಲ ಸಲ ನರಿಯನ್ನು ಕಂಡಿತು, ಮೂರನೆಯ ಸಲ ನರಿ ಏಕೆ ಹಾಗೆ ಹೇಳಿತೆಂದು ಹೊಳೆಯಿತು, ಎಂಟನೆಯ ಸಲ 'ಹೊಂಚುಹಾಕಿತು' ಎಂಬ ಮಾತು ಕಿವಿಗೆ ಬಿತ್ತು. ನನ್ನ ಮೊಮ್ಮಗಳು ಒಂದು ಆಮೆಯ ಕಥೆಯನ್ನು ಒಂದು ತಿಂಗಳು ಬಿಡಲಿಲ್ಲ. ನಾನು ನಿದ್ದೆಗಣ್ಣಿನಲ್ಲಿ ಒಂದು ವಾಕ್ಯ ಹಾರಿಸಿದರೆ, "ತಾತ, ಅಲ್ಲಿ 'ಮೆಲ್ಲಮೆಲ್ಲನೆ' ಅಂತ ಇದೆ" ಎಂದು ತಿದ್ದುತ್ತಿದ್ದಳು. ನಾಲ್ಕು ವರ್ಷದವಳು, ಅಕ್ಷರ ಒಂದೂ ಬಾರದು.

ಇನ್ನು ಓದುವ ಕ್ರಮ. ಓದಿ ಹೇಳುವುದೆಂದರೆ ಪುರಾಣ ಪ್ರವಚನವಲ್ಲ, ನಾವು ಓದುತ್ತ ಹೋಗುವುದು, ಅದು ಕೈಕಟ್ಟಿ ಕೇಳುವುದು ಎಂದಲ್ಲ. 1988ರಲ್ಲಿಯೇ ನ್ಯೂಯಾರ್ಕಿನ ಕಡೆ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು ಎರಡು ಎರಡೂವರೆ ವರ್ಷದ ಮಕ್ಕಳ ತಾಯಿತಂದೆಗಳಿಗೆ ಒಂದು ಸಣ್ಣ ಮಾರ್ಪಾಟನ್ನು ಹೇಳಿಕೊಟ್ಟರು. ಎರಡು ಗುಂಪಿನವರೂ ಮನೆಯಲ್ಲಿ ಚಿತ್ರಪುಸ್ತಕ ಓದುತ್ತಿದ್ದವರೇ. ಒಂದು ಗುಂಪಿನವರು ಎಂದಿನಂತೆ ಓದಿದರು. ಇನ್ನೊಂದು ಗುಂಪಿನವರು ಓದುವುದನ್ನು ಸ್ವಲ್ಪ ತಗ್ಗಿಸಿ, "ಇಲ್ಲಿ ಏನಾಗುತ್ತಿದೆ?" ಎಂಬಂಥ ಪ್ರಶ್ನೆ ಕೇಳಿ, ಮಗು ಹೇಳಿದ ಒಂದು ಮಾತಿಗೆ ತಾವು ಎರಡು ಮಾತು ಸೇರಿಸಿ ಹಿಂದಕ್ಕೆ ಕೊಟ್ಟರು. ನಾಲ್ಕೇ ವಾರಗಳಲ್ಲಿ ಎರಡನೆಯ ಗುಂಪಿನ ಮಕ್ಕಳು ಮಾತಾಡುವುದರಲ್ಲಿ ಮುಂದಾದರು; ಒಂಬತ್ತು ತಿಂಗಳ ಮೇಲೆ ನೋಡಿದಾಗಲೂ ಅಂತರ ಕಡಿಮೆಯಾಗಿತ್ತೇ ಹೊರತು ಅಳಿದಿರಲಿಲ್ಲ. ಪುಸ್ತಕ ಅದೇ, ವೇಳೆ ಅಷ್ಟೇ. ಬದಲಾದುದು ಮಾತಿನ ಸರದಿ.

"ಇದು ಏನು? ನಾಯಿ ಅನ್ನು" ಎನ್ನುವುದು ಒಂದು ಬಗೆ. "ನಾಯಿ ಎಲ್ಲಿಗೆ ಓಡುತ್ತಿದೆ?" ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಗು ಒಂದು ಪದ ಹೇಳಿ ಸುಮ್ಮನಾಗುತ್ತದೆ. ಎರಡನೆಯದಕ್ಕೆ "ಅಲ್ಲಿ, ಮನೆ" ಎನ್ನುತ್ತದೆ. ಆಗ ನೀವು "ಹೌದು, ಮಳೆ ಬಂತು ಅಂತ ನಾಯಿ ಗಾಬರಿಯಿಂದ ಮನೆಗೆ ಓಡ್ತಾ ಇದೆ" ಎನ್ನಿ. ತಪ್ಪನ್ನು ತಿದ್ದಲಿಲ್ಲ, ಪಾಠ ಹೇಳಲಿಲ್ಲ. 'ಗಾಬರಿ' ಎಂಬ ಮಾತು ಮಾತ್ರ ತಾನಾಗಿ ಮಗುವಿನ ಮಡಿಲಿಗೆ ಬಿತ್ತು.

ಅರ್ಥ ಹೇಳುವುದರಲ್ಲಿಯೂ ಒಂದು ಎಚ್ಚರ ಬೇಕು. ಇಲ್ಲಿ ನಮ್ಮಂಥ ಪಂಡಿತರದೇ ದೊಡ್ಡ ತಪ್ಪು. ಕಾಗೆಯನ್ನು ನರಿ ಹೊಗಳಿದ ಕಥೆಯನ್ನು ಓದುತ್ತಿದ್ದೆ. ಮೊಮ್ಮಗಳು "ಹೊಗಳೋದು ಅಂದ್ರೆ ಏನು ತಾತ?" ಎಂದಳು. ನನ್ನ ಬಾಯಿಗೆ ಮೊದಲು ಬಂದುದು "ಪ್ರಶಂಸೆ ಮಾಡುವುದಮ್ಮ" ಎಂದು. ಸೊಳ್ಳೆಯನ್ನು ತೋರಿಸಿ ಎಂದರೆ ಆನೆಯನ್ನು ತಂದು ನಿಲ್ಲಿಸಿದ ಹಾಗಾಯಿತು. ಅಡಿಗೆಮನೆಯಿಂದ ಅವಳ ಅಜ್ಜಿ ಕೂಗಿ ಹೇಳಿದಳು: "ನಿನ್ನೆ ನೀನು ಬಣ್ಣ ಹಚ್ಚಿದ ನವಿಲು ನೋಡಿ, 'ಎಷ್ಟು ಚೆನ್ನಾಗಿ ಹಚ್ಚಿದೀಯೇ ಪುಟ್ಟಿ' ಅಂದೆನಲ್ಲ, ಅದೇ ಹೊಗಳೋದು." ಅಷ್ಟೇ. ಮಾರನೆಯ ದಿನ ಬೆಳಗ್ಗೆ ಬೀದಿಯಲ್ಲಿ ತಳ್ಳುಗಾಡಿಯವನು ಎಳೆ ಸೌತೆಕಾಯಿ, ಸಕ್ಕರೆಯಂಥ ಸೌತೆಕಾಯಿ ಎಂದು ಕೂಗುತ್ತ ಹೋದ. ಹುಡುಗಿ ಕಿಟಕಿಯಿಂದ ಓಡಿಬಂದು, "ತಾತ, ಅವನು ಸೌತೆಕಾಯಿನ ಹೊಗಳ್ತಾ ಇದಾನೆ" ಎಂದಳು. ಆ ಮಾತು ಇನ್ನು ಅವಳದು, ಯಾರೂ ಕಸಿಯಲಾರರು. ಪದಕ್ಕೆ ಪದ ಕೊಡಬೇಡಿ. ಮಗು ಕಂಡ, ಉಂಡ, ಅತ್ತ, ನಕ್ಕ ಒಂದು ಸಂದರ್ಭವನ್ನು ಕೊಡಿ.

ಹಾಗೆಂದು ಪ್ರತಿ ಸಾಲಿಗೂ ನಿಲ್ಲಿಸಿ ಅರ್ಥ ಕೇಳುತ್ತ ಹೋದರೆ ಕಥೆ ಸತ್ತುಹೋಗುತ್ತದೆ. ಒಂದು ಕೂತಿಗೆ ಎರಡು ಮೂರು ಮಾತು ಸಾಕು. ಉಳಿದವು ಹಾಗೆಯೇ ಕಿವಿಯ ಮೇಲೆ ಬಿದ್ದು ಹೋಗಲಿ. ಮುಂದಿನ ಸಲ ಸಿಕ್ಕುತ್ತವೆ. ಓದಿದ ಮೇಲೆ ಪರೀಕ್ಷೆಯಂತೂ ಖಂಡಿತ ಬೇಡ. ನೆಂಟರೆದುರು ಹೇಳಿಸುವುದು ಅದಕ್ಕಿಂತ ಬೇಡ. ನನ್ನ ಅನುಭವದ ಮಾತಿದು.

ಒಂದು ಪ್ರಶ್ನೆಯನ್ನು ತಾಯಂದಿರು ನನ್ನನ್ನು ಆಗಾಗ ಕೇಳುತ್ತಾರೆ: ಪುಸ್ತಕದಲ್ಲಿ 'ಹೇಳಿದನು' ಎಂದಿದ್ದರೆ ಹಾಗೆಯೇ ಓದಬೇಕೆ, 'ಹೇಳ್ದ' ಎಂದು ಮನೆಮಾತಿಗೆ ಇಳಿಸಬೇಕೆ? ಓದುವಾಗ ಇದ್ದ ಹಾಗೆಯೇ ಓದಿ. ಮಾತಾಡುವಾಗ ನಿಮ್ಮ ಮನೆಯ ಮಾತಿನಲ್ಲಿಯೇ ಮಾತಾಡಿ. ಎರಡೂ ಬೇಕು. ಮಗು ಎರಡು ಬಗೆಯ ಉಡುಪನ್ನು ಗುರುತಿಸುವಂತೆ ಇವನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಳ್ಳುತ್ತದೆ. ಧಾರವಾಡದ ಮನೆಯವರು ಮೈಸೂರಿನವರ ಹಾಗೆ, ಮೈಸೂರಿನವರು ಮಂಗಳೂರಿನವರ ಹಾಗೆ ಆಡಬೇಕಾಗಿಲ್ಲ. ಮನೆಯ ಮಾತು ತುಳುವೋ ಕೊಂಕಣಿಯೋ ತೆಲುಗೋ ಉರ್ದುವೋ ಆಗಿದ್ದರೆ ಚಿತ್ರವನ್ನು ಆ ಮಾತಿನಲ್ಲಿಯೇ ವಿವರಿಸಿ. 'ಅಸೂಯೆ' ಎಂಬುದೇನೆಂದು ಒಂದು ಭಾಷೆಯಲ್ಲಿ ತಿಳಿದ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಹೆಸರೊಂದನ್ನು ಕೊಟ್ಟರೆ ಸಾಕು. ವಿಷಯವೇ ತಿಳಿಯದ ಮಗುವಿಗೆ ಎರಡು ಭಾಷೆಯ ಹೆಸರೂ ವ್ಯರ್ಥ. ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಮನೆಯಲ್ಲಿ ಹರಕು ಇಂಗ್ಲಿಷ್ ಆಡುವ ತಂದೆತಾಯಂದಿರೂ ಇದನ್ನು ಯೋಚಿಸಬೇಕು.

ಮೂರು ದಾಟಿದ ಮಕ್ಕಳಿಗೆ ಶಬ್ದದ ಮೋಜು ಬಹಳ. ನಮ್ಮ ಹಿರಿಯರು ಇದನ್ನು ಬಲ್ಲವರು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರು ಮಕ್ಕಳಿಗಾಗಿ ಬರೆದ ಪದ್ಯಗಳನ್ನು ಬಾಯಿಬಿಟ್ಟು ಓದಿ ನೋಡಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಇಲಿಗಳು ಸಾಲುಸಾಲಾಗಿ ಬರುವ ಭಾಗವನ್ನು ಓದಿದಾಗ ಮಕ್ಕಳು ಕುಣಿಯುವುದನ್ನು ನಾನು ಎಷ್ಟು ಸಲ ಕಂಡಿದ್ದೇನೆ! ಕಥೆಯ ಮೂಲ ಇಂಗ್ಲಿಷಿನ ಬ್ರೌನಿಂಗ್ ಕವಿಯದಾದರೂ ಇಲಿಗಳು ಮಾತ್ರ ಅಚ್ಚ ಕನ್ನಡದವು. ಒಂದೇ ಪ್ರಾಣಿಗೆ ಎಷ್ಟು ಬಗೆಯ ವಿಶೇಷಣ ಹೊಂದಬಲ್ಲದು ಎಂಬುದನ್ನು ಮಗು ಅಲ್ಲಿ ವ್ಯಾಕರಣವಿಲ್ಲದೆ ಕಲಿಯುತ್ತದೆ. ಇನ್ನು ನಮ್ಮ ಅನುಕರಣಾವ್ಯಯಗಳು! ಎಲೆ ಪಟಪಟ ಎಂದಿತು, ಬೆಂಕಿ ಧಗಧಗ ಉರಿಯಿತು, ಹಾವು ಸರ್ರನೆ ಹರಿಯಿತು, ಹಲಸಿನಹಣ್ಣು ಧೊಪ್ಪನೆ ಬಿತ್ತು. ಇವನ್ನು ಓದುವಾಗ ದನಿಯಲ್ಲಿ ಜಿಪುಣತನ ಬೇಡ. ಹಣ್ಣು ಬಿದ್ದುದು ಕೇಳಿಸಬೇಕು.

ಮಾತುಗಳಿಗೆ ಬಂಧುಬಳಗ ಉಂಟು. ಒಂದನ್ನು ಕರೆದರೆ ನಾಲ್ಕು ಬರುತ್ತವೆ. ಮುಂಬಾಗಿಲು ಎಂದ ಕೂಡಲೆ ಹಿಂಬಾಗಿಲು. ಹಸುವಿನ ಚಿತ್ರದಲ್ಲಿ ಮುಂಗಾಲು, ಹಿಂಗಾಲು. ಮಳೆಯ ಕಥೆಯಲ್ಲಿ ಮುಂಗಾರು, ಹಿಂಗಾರು. ಆಟದಂತೆ ಇವನ್ನು ಜೋಡಿಸುತ್ತ ಹೋದರೆ ಮಗು ತಾನೇ ಸೂತ್ರ ಹಿಡಿಯುತ್ತದೆ. ಒಂದು ದಿನ ನನ್ನ ಮೊಮ್ಮಗಳು ಬಹಳ ಗಂಭೀರವಾಗಿ, "ಮುಂಜಾನೆ ಆಯ್ತು. ಹಿಂಜಾನೆ ಯಾವಾಗ ತಾತ?" ಎಂದು ಕೇಳಿದಳು. ನಾನು ತಿದ್ದಲಿಲ್ಲ. ನಮ್ಮ ಮನೆಯಲ್ಲಿ ಈಗ ಸಂಜೆಯ ಕಾಫಿ ಹಿಂಜಾನೆಗೆ. ಹೀಗೆ ಹಿಡಿದ ಸೂತ್ರ ಮುಂದೆ ಒಂಬತ್ತನೆಯ ತರಗತಿಯಲ್ಲಿ 'ಹಿಂಜರಿದನು' ಎದುರಾದಾಗ ಕೆಲಸಕ್ಕೆ ಬರುತ್ತದೆ. ಅಷ್ಟರಲ್ಲಿ ಆ ಮಾತನ್ನು ಯಾವುದಾದರೂ ಕಥೆಯಲ್ಲಿ ಒಂದೆರಡು ಸಲ ಕೇಳಿದ್ದರೆ ಜಾರಿ ಬೀಳುವ ಪ್ರಮೇಯವೇ ಇಲ್ಲ.

ಪುಸ್ತಕ ಎಲ್ಲಿಂದ ತರುವುದು? ನಮ್ಮ ಹುಡುಗತನದಲ್ಲಿ ಚಂದಮಾಮ ಬರುತ್ತಿತ್ತು. ಕನ್ನಡದಲ್ಲಿ 1949ರಲ್ಲಿ ಆರಂಭವಾದ ಆ ಮಾಸಪತ್ರಿಕೆ ಈಗ ನಿಂತುಹೋಗಿದೆ. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೇ ಬರೆದಿದ್ದರು. ಇಂದು ಚಿತ್ರಪುಸ್ತಕಗಳಿಗೆ ಕೊರತೆಯಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಮೊದಲಾದವರು ಕನ್ನಡದಲ್ಲಿ ಪ್ರಕಟಿಸುತ್ತಾರೆ. ಎಷ್ಟೋ ಪುಸ್ತಕಗಳ ಬೆಲೆ ಒಂದು ಮಸಾಲೆದೋಸೆಯನ್ನು ಮೀರುವುದಿಲ್ಲ. ಕೊಳ್ಳಲಾಗದಿದ್ದರೆ ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯ ಉಂಟು. 1965ರ ಗ್ರಂಥಾಲಯ ಅಧಿನಿಯಮದಂತೆ ನಾವು ಮನೆಯ ತೆರಿಗೆಯ ಜೊತೆಯಲ್ಲಿ ಗ್ರಂಥಾಲಯದ ಕರವನ್ನೂ ಕಟ್ಟುತ್ತೇವೆ. ಹಣ ಕೊಟ್ಟಮೇಲೆ ಪುಸ್ತಕವನ್ನು ತಾರದೆ ಬಿಡುವುದು ಯಾವ ಜಾಣತನ? ಮಗುವನ್ನೂ ಕರೆದುಕೊಂಡು ಹೋಗಿ. ಆರಿಸುವ ಅಧಿಕಾರ ಅದಕ್ಕೇ ಇರಲಿ.

ಓದು ಬಾರದ ತಾಯಿ ಏನು ಮಾಡಬೇಕು? ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಶಾಲೆಗೆ ಬಂದಿದ್ದಾಗ, "ನಾನು ಮೂರನೇ ಕ್ಲಾಸು ಬಿಟ್ಟೋಳು, ಮೇಷ್ಟ್ರೇ. ನಾನೇನು ಓದಿ ಹೇಳ್ಲಿ?" ಎಂದು ಸಂಕೋಚಪಟ್ಟರು. ಚಿತ್ರದ ಪುಸ್ತಕವೊಂದನ್ನು ತೆರೆದು, "ಇಲ್ಲಿ ಏನು ಕಾಣಿಸುತ್ತದಮ್ಮ?" ಎಂದೆ. ಆಕೆ ಹೇಳುತ್ತ ಹೋದರು. ಪುಸ್ತಕದಲ್ಲಿ ಇದ್ದುದು ಎಂಟು ಸಾಲು. ಆಕೆ ಹೇಳಿದ ಕಥೆಯಲ್ಲಿ ಕುಂಟೆ, ಮೇಳಿ, ಕಣಜ, ರಾಶಿ, ಒಕ್ಕಣೆ ಎಲ್ಲವೂ ಬಂದವು. ಅವುಗಳಲ್ಲಿ ಒಂದೆರಡು ಮಾತುಗಳನ್ನು ನಮ್ಮ ಪಟ್ಟಣದ ಉಪಾಧ್ಯಾಯರೇ ಕೇಳಿರಲಾರರು. ಪುಸ್ತಕ ಒಂದು ನೆಪ. ಅದನ್ನು ನಡುವೆ ಇಟ್ಟುಕೊಂಡು ಇಬ್ಬರು ಮಾತಾಡುವುದೇ ಮುಖ್ಯ.

ಬಾನುಲಿಯ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ಬಾನುಲಿಯ ಮಾತನ್ನೂ ಆಡಬೇಕಷ್ಟೆ. ಮುಖಸ್ತುತಿ ಮಾಡಲಾರೆ. ಎರಡು ವರ್ಷದ ಮಗುವಿನ ಮುಂದೆ ರೇಡಿಯೋ ಹಾಕಿಟ್ಟು ನೀವು ಕೆಲಸಕ್ಕೆ ಎದ್ದುಹೋದರೆ ಅದು ಏನನ್ನೂ ಕಲಿಯುವುದಿಲ್ಲ. ದೂರದರ್ಶನ, ಮೊಬೈಲ್‌ಗಳದೂ ಇದೇ ಪಾಡು. ಪೆಟ್ಟಿಗೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ಮಗು ಬೆರಳು ತೋರಿಸಿದ ಕಡೆಗೆ ತಿರುಗಿ ನೋಡುವುದಿಲ್ಲ. 2003ರಲ್ಲಿ ಪ್ರಕಟವಾದ ಪೆಟ್ರೀಷಿಯಾ ಕುಲ್ ಅವರ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗಲೂ, ಬರಿಯ ಧ್ವನಿಮುದ್ರಣ ಕೇಳಿಸಿದಾಗಲೂ ಹಿಡಿಯಲಿಲ್ಲ. ಆದರೆ ನಾಲ್ಕೈದು ವರ್ಷದ ಮಗುವಿನ ಪಕ್ಕದಲ್ಲಿ ನೀವೂ ಕುಳಿತು ಕೇಳಿದರೆ ಬಾನುಲಿಯಂಥ ಮಾತಿನ ಕಣಜ ಮತ್ತೊಂದಿಲ್ಲ. ಚಿತ್ರವಿಲ್ಲದಿರುವುದೇ ಅದರ ಗುಣ; ಎಲ್ಲವನ್ನೂ ಮಾತೇ ಕಟ್ಟಬೇಕು. ಮಕ್ಕಳ ಕಾರ್ಯಕ್ರಮವಾಗಲಿ, ನಾಟಕವಾಗಲಿ, ಮುಗಿದ ಕೂಡಲೆ ಗುಂಡಿ ತಿರುಗಿಸಿ ಐದು ನಿಮಿಷ ಅದರ ಮಾತಾಡಿ. ನಮ್ಮ ಮನೆಯಲ್ಲಿ ಹವಾಮಾನ ವರದಿಗೂ ಒಬ್ಬಳು ಶ್ರೋತೃ ಇದ್ದಾಳೆ. 'ಒಣಹವೆ' ಎಂಬ ಮಾತನ್ನು ಅಲ್ಲಿಯೇ ಹಿಡಿದಳು. ಹಿತ್ತಿಲಿನಲ್ಲಿ ಬಟ್ಟೆ ಬೇಗ ಒಣಗಿದ ದಿನ "ಅಜ್ಜೀ, ಇವತ್ತು ಒಣಹವೆ" ಎಂದು ಘೋಷಿಸುತ್ತಾಳೆ. ಮಳೆ ಬಂದ ದಿನ ಏನು ಹವೆ ಎಂದು ಕೇಳಿದರೆ "ಹಸಿಹವೆ" ಎನ್ನುತ್ತಾಳೆ. ಹವಾಮಾನ ಇಲಾಖೆಯವರು ಕ್ಷಮಿಸಬೇಕು.

ದಿನಕ್ಕೆ ಎಷ್ಟು ಹೊತ್ತು ಓದಬೇಕೆಂದು ಕೇಳುವವರಿಗೆ, ಹದಿನೈದು ನಿಮಿಷ ಸಾಕು ಎನ್ನುತ್ತೇನೆ, ಆದರೆ ತಪ್ಪಬಾರದು. ರಾತ್ರಿ ಊಟವಾದ ಮೇಲೆ ಹಾಸಿಗೆ ಹಾಸುವ ಹೊತ್ತು ನಮ್ಮ ಮನೆಗಳಿಗೆ ಹೊಂದುತ್ತದೆ. ಅಕ್ಷರ ಬಂದ ಮೇಲೆಯೂ, "ಇನ್ನು ನೀನೇ ಓದಿಕೊ" ಎಂದು ಕೈಬಿಡಬೇಡಿ. ಎಂಟು ವರ್ಷದ ಮಗು ಕಣ್ಣಿನಿಂದ ಓದಬಲ್ಲ ಪುಸ್ತಕ ಒಂದು, ಕಿವಿಯಿಂದ ಕೇಳಿ ಅರಿಯಬಲ್ಲ ಪುಸ್ತಕ ಅದಕ್ಕಿಂತ ದೊಡ್ಡದು.

ಜಾರಿಬಿದ್ದ ಸೇವಕನ ಆ ಹುಡುಗನ ವಿಷಯ ಅರ್ಧಕ್ಕೆ ನಿಂತಿತು. ತರಗತಿಯ ನಗೆ ಅವನಿಗೆ ನೋವು ಮಾಡಿತ್ತು. ಕೆಲವು ದಿನ ಓದಲು ಏಳಲೇ ಇಲ್ಲ. ನಾನು ಪಾಠದ ಕೊನೆಯ ಹತ್ತು ನಿಮಿಷ ಪರೀಕ್ಷೆಗೆ ಸಂಬಂಧವಿಲ್ಲದ ಕಥೆಗಳನ್ನು ಓದಿ ಹೇಳುವುದನ್ನು ಆರಂಭಿಸಿದೆ. ಹದಿನಾಲ್ಕು ವರ್ಷದವರಿಗೆ ಇದು ತಡವೇ, ಆದರೂ ಕೇಳುತ್ತಾರೆ. ಒಂದು ಸಂಜೆ ಆ ಹುಡುಗ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಮನೆಯಲ್ಲಿ ಮೂರು ವರ್ಷದ ತಂಗಿ ಇದ್ದಾಳಂತೆ. ಶಾಲೆಯ ಪುಸ್ತಕದ ಬೀರುವಿನಿಂದ ಚಿತ್ರದ ಪುಸ್ತಕ ಒಯ್ದು ಅವಳಿಗೆ ಓದಿ ಹೇಳುತ್ತಿದ್ದಾನಂತೆ. "ಸಾರ್, ಅದರಲ್ಲಿ ನವಿಲು 'ಬಿಂಕ'ದಿಂದ ನಡೀತು ಅಂತ ಇದೆ. ಬಿಂಕ ಅಂದ್ರೆ ಏನು ಅಂತ ತಂಗಿ ಕೇಳ್ತಾಳೆ. ನಂಗೂ ಗೊತ್ತಿಲ್ಲ" ಎಂದ. ಅರ್ಥ ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ತಡೆದು, ಕತ್ತನ್ನು ಎತ್ತಿ, ಎದೆ ಮುಂದೆ ಮಾಡಿ, ಕೊಠಡಿಯಲ್ಲಿ ಆ ಗೋಡೆಯಿಂದ ಈ ಗೋಡೆಯವರೆಗೆ ನವಿಲಿನಂತೆ ನಡೆದು ತೋರಿಸಿದೆ. ಹುಡುಗ ನಗುತ್ತ ಓಡಿಹೋದ. ಮೇಜಿನ ಆಚೆ ಕುಳಿತಿದ್ದ ಗಣಿತದ ಮೇಷ್ಟರು ಮಾತ್ರ ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು.